ಜೋಳವಲ್ಲ, ರವೆ

ಹಿಮದ ವಿಷಯದಲ್ಲಿ ನಮ್ಮ ಭಾಷೆ ಎಷ್ಟು ಬಡವಿ ಎಂದು ತಿಳಿಯಬೇಕಾದರೆ ಒಮ್ಮೆ ಹಿಮದ ಮೇಲೆ ನಿಲ್ಲಬೇಕು. ಆಕಾಶದಿಂದ ಮೆಲ್ಲಗೆ ಉದುರಿದರೂ ಹಿಮಪಾತ, ಬೆಟ್ಟದಿಂದ ಕಳಚಿಕೊಂಡು ಬಂದು ಜನರನ್ನು ಹೂತರೂ ನಮ್ಮ ಪತ್ರಿಕೆಗಳಿಗೆ ಹಿಮಪಾತವೇ. ಮೊದಲನೆಯದರಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದು, ಎರಡನೆಯದರಲ್ಲಿ ಆಗುವುದಿಲ್ಲ. ಮೈಸೂರಿನಲ್ಲಿ ಡಾಕ್ಟರಿಕೆ ಓದಿದ ನಾವು ಮೂವರು ಹೆಂಗಸರು ಈ ಬಡತನವನ್ನು ನಮ್ಮ ಅಡಿಗೆಮನೆಯಿಂದ ನೀಗಿಸಿಕೊಂಡೆವು. ಅದಕ್ಕೆ ಒಂದು ಕಾಲು ಮುರಿಯಬೇಕಾಯಿತು, ನಿಜ. ಆದರೂ ಇದು ಅಳುಮುಂಜಿ ಕಥೆಯಲ್ಲ. ನಾವು ಗೆದ್ದೆವು. ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಎಪ್ಪತ್ತರ ದಶಕದ ನಡುವೆ ಒಂದೇ ಬ್ಯಾಚಿನ ಮೂವರೂ ಆಸ್ಟ್ರೇಲಿಯಾಕ್ಕೆ ಬಂದೆವು. ಒಟ್ಟಿಗೆ ಬಂದವರಲ್ಲ, ಮದುವೆ ಎಳೆದುಕೊಂಡು ಹೋದ ಕಡೆಗೆ ಹೋದವರು. ನಾನು ಅಡಿಲೇಡಿನ ಸ್ಯಾಲಿಸ್‌ಬರಿಯಲ್ಲಿ ಕ್ಲಿನಿಕ್ಕಿನ ಡಾಕ್ಟರಾದೆ. ಎರಡನೆಯವಳು ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ ಮನೆ ಮಾಡಿ ಮಕ್ಕಳ ಡಾಕ್ಟರಾದಳು. ಮೂರನೆಯವಳು ಪರ್ತ್‌ನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರು, ಎಂದರೆ ಆಪರೇಷನ್ನಿಗೆ ಮುಂಚೆ ರೋಗಿಯನ್ನು ಮಲಗಿಸಿ, ಮುಗಿದ ಮೇಲೆ ಎಬ್ಬಿಸುವವಳು. ಹೆಸರುಗಳು ಬೇಡ. ಫೋನಿನಲ್ಲಿ ನಾವೇ ಒಬ್ಬರನ್ನೊಬ್ಬರು ಊರಿನ ಹೆಸರಿನಿಂದ ಕರೆದುಕೊಳ್ಳುತ್ತಿದ್ದೆವು: "ಏನೇ ಪರ್ತು", "ಹೇಳೇ ಅಡಿಲೇಡು". ಈ ಮೂರು ಊರುಗಳಲ್ಲೂ ಹಿಮ ಎನ್ನುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ ಇರುತ್ತದೆ.

ವರ್ಷಕ್ಕೊಮ್ಮೆ, ಸೆಪ್ಟೆಂಬರಿನ ಶಾಲೆಯ ರಜೆಯಲ್ಲಿ, ಗಂಡ ಮಕ್ಕಳನ್ನು ಬಿಟ್ಟು ಒಂದು ವಾರ ಎಲ್ಲಾದರೂ ಸೇರೋಣವೆಂದು ಹಟ ಹಿಡಿದವಳು ಬ್ರಿಸ್ಬೇನು. ಎಲ್ಲರಿಗೂ ಸಮದೂರದ ಜಾಗ ಎಲ್ಲಿದೆಯೆಂದು ನಕ್ಷೆ ಹಾಸಿಕೊಂಡು ಹುಡುಕಿದರೆ ಮರಳುಗಾಡು ಸಿಕ್ಕಿತು. ಕೊನೆಗೆ ವಿಕ್ಟೋರಿಯಾದ ಎತ್ತರದ ಬೆಟ್ಟಗಳಿಗೆ ಹೋಗೋಣವೆಂದು ನಾನೇ ಹೇಳಿದೆ. ನನ್ನ ಕ್ಲಿನಿಕ್ಕಿನ ನರ್ಸ್ ಒಬ್ಬಳು ಅಲ್ಲಿ ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಅಲೆಯುವ ಕ್ಲಬ್ಬಿಗೆ ಸೇರಿದ್ದಳು. ತೂಗು ಕುರ್ಚಿಯಲ್ಲಿ ಕುಳಿತು ಮೇಲೆ ಹೋಗಿ ಜಾರಿ ಬರುವ ಶ್ರೀಮಂತರ ಸ್ಕೀ ಅಲ್ಲ ಅದು. ರಸ್ತೆ ಮುಗಿದ ಮೇಲೆ ಶುರುವಾಗುವ ಬೆಟ್ಟಗಳು. ಏರುವುದೂ ನಮ್ಮ ಕಾಲಲ್ಲೇ, ಇಳಿಯುವುದೂ ನಮ್ಮ ಕಾಲಲ್ಲೇ, ಕಡಿದಾದ ಕಡೆ ಸ್ಕೀ ಬಿಚ್ಚಿ ಬರೀ ಬೂಟಿನಲ್ಲಿ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಈ ಬೆಟ್ಟಗಳು ಹತ್ತಿರ ಹೋದರೂ ನುಣ್ಣಗೇ ಇದ್ದವು. ಅವುಗಳ ಮೋಸ ಇರುವುದೇ ಅಲ್ಲಿ.

ಊಟದಲ್ಲಿ ಮಾತ್ರ ಮೂವರೂ ಮೂರು ದಿಕ್ಕು. ನಾನು ಮೊಟ್ಟೆಯನ್ನೂ ಮುಟ್ಟದವಳು. ಪರ್ತು ಹಲಾಲ್ ಅಲ್ಲದ ಮಾಂಸ ತಿನ್ನುವವಳಲ್ಲ. ಬ್ರಿಸ್ಬೇನು ಎಲ್ಲ ತಿನ್ನುತ್ತಾಳೆ, ಆದರೆ ಶುಕ್ರವಾರ ಮಾಂಸ ತಿನ್ನುವುದಿಲ್ಲವೆಂದು ಅಜ್ಜಿಗೆ ಮಾತು ಕೊಟ್ಟಿದ್ದಳು, ನಮ್ಮ ಪ್ರವಾಸ ಯಾವಾಗಲೂ ಶುಕ್ರವಾರವೇ ಶುರುವಾಗುತ್ತಿತ್ತು. ಮೂರು ಧರ್ಮಗಳೂ ಒಪ್ಪುವ ಅಡಿಗೆ ಒಂದೇ, ಉಪ್ಪಿಟ್ಟು. ಅಡಿಲೇಡಿನ ಮಾರುಕಟ್ಟೆಯ ಇಟಾಲಿಯನ್ ಅಂಗಡಿಯಿಂದ ದಪ್ಪ ರವೆ ಕೊಂಡು, ಹದವಾಗಿ ಹುರಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯುವುದು ನನ್ನ ಪಾಲಿನ ಕೆಲಸ. ಬೇರೆಯವರು ಬೆಟ್ಟಕ್ಕೆ ಚಾಕೊಲೇಟ್ ಒಯ್ಯುತ್ತಿದ್ದರೆ ನಾವು ರವೆ ಮತ್ತು ಬಾಣಲೆ ಹೊತ್ತುಕೊಂಡು ಹೋಗುತ್ತಿದ್ದೆವು.

ಮೊದಲ ವರ್ಷ ಆ ಕ್ಲಬ್ಬಿನ ತರಬೇತಿಗೆ ಸೇರಿದೆವು. ಕಲಿಸುತ್ತಿದ್ದವನು ಕೆಂಪು ಗಡ್ಡದ, ಮಾತು ಕಡಿಮೆಯ ಮನುಷ್ಯ, ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಸೆಪ್ಟೆಂಬರ್ ಎಂದರೆ ಅಲ್ಲಿ ವಸಂತ. ಆ ವಸಂತದ ಹಿಮದ ಬಗ್ಗೆ ಅವನು ಹೇಳಿದ್ದು ಇಷ್ಟು. ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮ ಹೆಪ್ಪುಗಟ್ಟಿ ಬೆಳಿಗ್ಗೆ ಕಲ್ಲಿನಂತಿರುತ್ತದೆ. ಆಗ ಹಿಮ ಜಾರುವುದಿಲ್ಲ, ನೀವು ಜಾರುತ್ತೀರಿ. ಬಿಸಿಲು ಬಿದ್ದು ಮೇಲಿನ ಎರಡು ಬೆರಳಷ್ಟು ಮಾತ್ರ ಸಡಿಲವಾಗಿ, ಕೆಳಗಿನದು ಇನ್ನೂ ಗಟ್ಟಿಯಾಗಿರುವಾಗ ಇಳಿಜಾರನ್ನು ದಾಟಿಬಿಡಬೇಕು. ಆ ಹದಕ್ಕೆ ಅವನು ಹೇಳಿದ ಪದ 'ಕಾರ್ನ್'. ಅದನ್ನೂ ಮೀರಿ ತಡಮಾಡಿದರೆ ನೀರು ಆಳಕ್ಕಿಳಿದು, ಇಡೀ ಇಳಿಜಾರು ಒದ್ದೆಯಾಗಿ, ತನ್ನ ಭಾರ ತಾನೇ ತಾಳಲಾರದೆ ಕಳಚಿಕೊಂಡು ಬರುತ್ತದೆ.

"ವೆಯ್ಟ್ ಫಾರ್ ದ ಕಾರ್ನ್. ಗಾಟ್ ಇಟ್?" ಎಂದು ಕೇಳಿದ.

ಮೂವರೂ ತಲೆಯಾಡಿಸಿದೆವು. ಅರ್ಥವಾಗದಿದ್ದರೂ ತಲೆಯಾಡಿಸುವುದನ್ನು ನಾವು ಮೆಡಿಕಲ್ ಕಾಲೇಜಿನಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದೆವು. ಪ್ರೊಫೆಸರರನ್ನು ತಿರುಗಿ ಪ್ರಶ್ನೆ ಕೇಳಿದವರು ಪಾಸಾದದ್ದನ್ನು ನಾವಂತೂ ನೋಡಿರಲಿಲ್ಲ. ಆ ವಾರವಿಡೀ ಮಂಜು ಮುಸುಕಿದ್ದರಿಂದ ಅವನಿಗೂ ಕಾರ್ನ್ ಎಂಬುದನ್ನು ಬಾಯಲ್ಲಿ ಹೇಳಲು ಆಯಿತೇ ಹೊರತು ಕಣ್ಣಿಗೆ ತೋರಿಸಲು ಆಗಲಿಲ್ಲ.

ಕಾರ್ನ್ ಎಂದರೆ ನಮಗೆ ಮುಸುಕಿನ ಜೋಳ. ಕೆಂಡದ ಮೇಲೆ ಸುಟ್ಟು, ಉಪ್ಪು ಖಾರ ನಿಂಬೆಹುಳಿ ಉಜ್ಜಿ ಕೊಡುತ್ತಾರಲ್ಲ, ಆ ತೆನೆ. ಹಿಮವೆಲ್ಲ ಜೋಳದ ಕಾಳಿನಷ್ಟು ದಪ್ಪಗಾಗುವವರೆಗೆ ಕಾಯಬೇಕು ಎಂದು ಮೂವರೂ ತಮ್ಮತಮ್ಮಲ್ಲೇ ತೀರ್ಮಾನಿಸಿ, ಒಬ್ಬರನ್ನೊಬ್ಬರು ಕೇಳದೆ, ಒಂದೇ ತಪ್ಪಿಗೆ ಬಂದು ಸೇರಿದ್ದೆವು. ಇಂಗ್ಲಿಷಿನಲ್ಲಿ ಯಾವ ಧಾನ್ಯದ ಸಣ್ಣ ಕಾಳಿಗೂ ಆ ಹೆಸರು ಸಲ್ಲುತ್ತದೆಂದು ನಮಗೆ ಯಾರು ಹೇಳಬೇಕು?

ಮರುವರ್ಷ ನಾವು ಮೂವರೇ ಹೋದೆವು. ಕ್ಲಬ್ಬಿನ ಮರದ ಗುಡಿಸಲಿನಲ್ಲಿ ಉಳಿದು, ಬೆಳಿಗ್ಗೆ ಎದ್ದು, ಶಿಖರದ ಕೆಳಗಿನ ದೊಡ್ಡ ಇಳಿಜಾರಿನ ಅಂಚಿಗೆ ಬಂದೆವು. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು, ಅದರ ತುದಿಯಲ್ಲಿ ಗಾಳಿ ಕಟ್ಟಿದ ಹಿಮದ ಸೂರು. ಅಡ್ಡ ದಾಟಿದರೆ ಬೆಟ್ಟದ ಭುಜ, ಅಲ್ಲಿಂದ ಶಿಖರಕ್ಕೆ ಸುಲಭದ ದಾರಿ. ತಿಳಿ ಆಕಾಶ, ಒಳ್ಳೆಯ ಬಿಸಿಲು. ಸ್ವಲ್ಪ ಹೊತ್ತಿನಲ್ಲೇ ಹಿಮದ ಮೇಲ್ಮೈ ಪುಡಿಪುಡಿಯಾಗಿ ಮಿಂಚತೊಡಗಿತು. ಪರ್ತು ಬೊಗಸೆಯಲ್ಲಿ ತುಂಬಿಕೊಂಡು ಪರೀಕ್ಷಿಸಿದಳು.

"ಇನ್ನೂ ಸಣ್ಣಗಿದೆ ಕಣ್ರೇ. ಜೋಳ ಆಗಿಲ್ಲ."

ಕಾದೆವು. ಉಪ್ಪಿಟ್ಟು ಮಾಡಿ ತಿಂದೆವು. ಬಿಸಿಲು ಏರಿತು. ಕೋಟು ಬಿಚ್ಚಿ, ಹಾಸ್ಟೆಲಿನ ವಾರ್ಡನ್ನಳನ್ನು ಅಣಕಿಸುತ್ತಾ ನಕ್ಕೆವು. ಮಧ್ಯಾಹ್ನ ತಿರುಗುವ ಹೊತ್ತಿಗೆ ಇಳಿಜಾರಿನ ಮೇಲಿಂದ ಪುಟ್ಟ ಪುಟ್ಟ ಉಂಡೆಗಳು ಉರುಳಿ ಬರತೊಡಗಿದವು. ಇಡೀ ಬೆಟ್ಟ ಬಾಯಿಬಿಟ್ಟು ಹೇಳುತ್ತಿತ್ತು, ಹೋಗಬೇಡಿ ಎಂದು. ಪರ್ತು ಒಂದು ಉಂಡೆ ಎತ್ತಿಕೊಂಡು ಮುರಿದು ನೋಡಿ, "ಆಯ್ತು! ಜೋಳ!" ಎಂದು ಹೊರಟೇಬಿಟ್ಟಳು.

ಅಕ್ಕಿ ಮೂಟೆಯನ್ನು ಲಾರಿಯಿಂದ ಕೆಡವಿದಂಥ ಒಂದು ಸದ್ದು. ಅಷ್ಟೇ. ಅವಳಿಗಿಂತ ಮೇಲೆ, ಹಿಮದಲ್ಲಿ ಒಂದು ಗೆರೆ ಬಿರುಕುಬಿಟ್ಟಿತು, ಗೆರೆಯ ಕೆಳಗಿನ ಹಿಮವೆಲ್ಲ ಹೊರಟಿತು. ವೇಗವಾಗಿ ಅಲ್ಲ, ನಿಧಾನವಾಗಿ, ಆದರೆ ನಿಲ್ಲಿಸಲಾಗದಂತೆ. ಕೆಳಗಿನ ಮರಗಳ ಸಾಲಿಗೆ ತಂದು ಬಡಿದು ನಿಂತಾಗ ಅವಳು ಎದೆಮಟ್ಟ ಹೂತುಹೋಗಿದ್ದಳು. ನಿಂತ ಕ್ಷಣವೇ ಆ ಒದ್ದೆ ಹಿಮ ಗಾರೆಯಂತೆ ಬಿಗಿದುಕೊಂಡಿತು. ನಾನು ಬಾಣಲೆಯಿಂದ ಅಗೆದೆ. ಬ್ರಿಸ್ಬೇನು ಗುಡಿಸಲಿಗೆ ಓಡಿ, ಅಂದು ತಾನೇ ಅಲ್ಲಿಗೆ ಬಂದಿದ್ದ ಗಡ್ಡದ ಮೇಷ್ಟ್ರನ್ನೂ ಅವನ ಜೊತೆಯವರನ್ನೂ ಕರೆತಂದಳು. ಅಗೆಯುವಷ್ಟು ಹೊತ್ತೂ ನಾನು ಪರ್ತುವನ್ನು ಬಾಯಿಗೆ ಬಂದಂತೆ ಬಯ್ಯುತ್ತಲೇ ಇದ್ದೆ. ಹೆದರಿದಾಗ ನನಗೆ ಬರುವುದು ಬೈಗುಳವೇ. ಅವಳ ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು.

ಎರಡು ದಿನ ಬಿಟ್ಟು ಮೇಷ್ಟ್ರು ನಮ್ಮ ಚೀಲಗಳನ್ನು ಆಸ್ಪತ್ರೆಗೆ ತಂದುಕೊಟ್ಟ. ರವೆಯ ಪೊಟ್ಟಣ ಒಡೆದು ಅವನ ಅಂಗೈಗೆ ಸುರಿಯಿತು. ಬೆರಳಲ್ಲಿ ಆಡಿಸಿ ನೋಡಿ, "ಲುಕ್ ಅಟ್ ದಟ್. ಪರ್ಫೆಕ್ಟ್ ಕಾರ್ನ್" ಎಂದ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲು ನಕ್ಕವಳು ಕಾಲು ತೂಗುಹಾಕಿಕೊಂಡು ಮಲಗಿದ್ದ ಪರ್ತು. ಆಮೇಲೆ ನಮ್ಮ ನಗು ನಿಲ್ಲಿಸಲು ವಾರ್ಡಿನ ಸಿಸ್ಟರೇ ಬರಬೇಕಾಯಿತು. ಬೆನ್ನ ಮೇಲೆ ರವೆ ಹೊತ್ತುಕೊಂಡು ಜೋಳಕ್ಕೆ ಕಾದಿದ್ದೆವಲ್ಲ!

ನಗು ಹೆಚ್ಚು ದಿನ ಉಳಿಯಲಿಲ್ಲ. ಅಡಿಲೇಡಿನ ನಮ್ಮ ಕನ್ನಡದವರ ಕೂಟದಲ್ಲಿ ಆಂಟಿಯೊಬ್ಬರು ಎಲ್ಲರೆದುರು ನನ್ನನ್ನು ನಿಲ್ಲಿಸಿಕೊಂಡರು: "ಹಿಮಾಲಯದಲ್ಲೇ ಹುಟ್ಟಿದವ್ರ ಥರ ಆಡ್ತೀರಲ್ಲಮ್ಮ! ಮಕ್ಕಳಿರೋ ಹೆಂಗಸ್ರಿಗೆ ಇದೆಲ್ಲ ಬೇಕಿತ್ತಾ?" ಪರ್ತುವಿನ ಗಂಡ ಒಳ್ಳೆಯವನು, ಪರ್ತ್‌ನ ಕಾರ್ಖಾನೆಗಳ ಬಡಾವಣೆ ವೆಲ್ಷ್‌ಪೂಲ್‌ನಲ್ಲಿ ಯಂತ್ರದ ಬಿಡಿಭಾಗಗಳ ಗೋದಾಮು ನಡೆಸುತ್ತಿದ್ದ. ಅವನೂ ಫೋನಿನಲ್ಲಿ, "ಇನ್ಮೇಲೆ ಬೆಟ್ಟ ಅಂದ್ರೆ ಕಿಂಗ್ಸ್ ಪಾರ್ಕ್ ಅಷ್ಟೇ" ಎಂದುಬಿಟ್ಟ. ಪರ್ತ್‌ನ ಆ ಉದ್ಯಾನದ ದಿಬ್ಬವನ್ನು ನಮ್ಮ ಚಾಮುಂಡಿ ಬೆಟ್ಟ ಕಂಡರೆ ನಕ್ಕುಬಿಡುತ್ತದೆ.

ಕಾಲು ಕೂಡಿಕೊಂಡಿತು. ಕೂಡಿಕೊಳ್ಳದೆ ಹೋದದ್ದು ಬೇರೆ. ಆಸ್ಪತ್ರೆಯ ಕೆಲಸಕ್ಕೆ ಮರಳಿದ ಮೇಲೆ ಒಂದು ಬೆಳಿಗ್ಗೆ, ರೋಗಿಗೆ ಸೂಜಿ ಚುಚ್ಚುವ ಮುನ್ನ, ಅವಳಿಗೆ ಮೂಟೆ ಬಿದ್ದ ಆ ಸದ್ದು ಕೇಳಿಸಿತಂತೆ. ಕೈ ನಿಂತುಹೋಯಿತು. ಇನ್ನೊಬ್ಬ ಡಾಕ್ಟರನ್ನು ಕರೆಸಿ ಆಪರೇಷನ್ ಮುಗಿಸಬೇಕಾಯಿತು. ಮತ್ತೊಮ್ಮೆಯೂ ಹಾಗೇ ಆದಾಗ ಅವಳೇ ಕೆಲಸ ಬಿಟ್ಟಳು. ವೆಲ್ಷ್‌ಪೂಲ್‌ನ ಕಾರ್ಖಾನೆಯವರಿಗಾಗಿ ಇದ್ದ ಒಂದು ಕ್ಲಿನಿಕ್ಕಿನಲ್ಲಿ, ಬೆರಳು ಕುಯ್ದುಕೊಂಡು ಬಂದವರಿಗೆ ಹೊಲಿಗೆ ಹಾಕುತ್ತಾ ಕುಳಿತಳು. ನಮ್ಮ ಬ್ಯಾಚಿನಲ್ಲೇ ಅತ್ಯಂತ ಸ್ಥಿರವಾದ ಕೈ ಅವಳದು. ಫೋನ್ ಮಾಡಿದಾಗಲೆಲ್ಲ ಆಪರೇಷನ್ ಥಿಯೇಟರಿಗೆ ವಾಪಸ್ ಹೋಗು ಎಂದು ಅವಳನ್ನು ಪೀಡಿಸಿದೆ.

"ನಾನು ಥಿಯೇಟರ್‌ಗೆ ವಾಪಸ್ ಹೋಗ್ಬೇಕು ಅಂದ್ರೆ ಮೊದ್ಲು ಆ ಇಳಿಜಾರು ದಾಟ್ಬೇಕು ಕಣೇ" ಎಂದಳು ಒಂದು ಸಂಜೆ ಫೋನಿನಲ್ಲಿ. "ಅದನ್ನ ದಾಟಿದ್ರೆ ಇದೂ ಆಗತ್ತೆ. ಆಗ್ಲಿಲ್ಲ ಅಂದ್ರೆ ಹೊಲಿಗೆ ಹಾಕ್ಕೊಂಡೇ ಇರ್ತೀನಿ, ನೀನು ಇನ್ಯಾವತ್ತೂ ಈ ಮಾತು ಎತ್ಬಾರ್ದು."

ಇದು ವೈದ್ಯಶಾಸ್ತ್ರವಲ್ಲ, ಹಟ. ಆದರೆ ಅವಳ ಹಟ ನನಗೆ ಗೊತ್ತು. ಸರಿ ಎಂದೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾವು ಆಮೇಲೆ ಹಿಮವನ್ನು ಕಲಿತೆವು. ಪರ್ತುವಿನ ಕಾಲು ಬಲಿಯುವವರೆಗೆ ನಾನೂ ಬ್ರಿಸ್ಬೇನೂ ವರ್ಷವರ್ಷವೂ ಮೇಷ್ಟ್ರ ಹಿಂದೆ ಹೋಗಿ, ಅರ್ಥವಾಗದ್ದನ್ನೆಲ್ಲ ನಾಚಿಕೆ ಬಿಟ್ಟು ಕೇಳಿ, ಅದನ್ನು ನಮ್ಮ ಮಾತಿಗೆ ತಂದು ಅವಳಿಗೆ ಒಪ್ಪಿಸುತ್ತಿದ್ದೆವು. ಬೆಳಗಿನ ಕಲ್ಲುಹಿಮಕ್ಕೆ 'ಬಾಣಲೆ' ಎಂದೆವು, ಕಾಲಿಟ್ಟರೆ ಜಾರಿ ತಳಕ್ಕೆ. ಮೇಲೆ ಸ್ವಲ್ಪವೇ ಪುಡಿಯಾದಾಗ 'ಚಿರೋಟಿ ರವೆ', ಕಾಯಬೇಕು. ಬೂಟಿನ ಅಂಚು ಮಾತ್ರ ಹುದುಗುವಂತೆ ಉದುರುದುರಾಗಿ ದಪ್ಪಗಾದಾಗ 'ಬನ್ಸಿ ರವೆ', ದಾಟಬೇಕು. ಮುಷ್ಟಿಯಲ್ಲಿ ಹಿಂಡಿದರೆ ಅಂಟಿಕೊಂಡರೆ 'ಉಪ್ಪಿಟ್ಟು', ಅಷ್ಟರಲ್ಲಿ ನೀವು ಆಚೆ ದಡದಲ್ಲಿರಬೇಕು. ಹಿಂಡಿದಾಗ ಬೆರಳ ಸಂದಿಯಿಂದ ನೀರಿಳಿದರೆ 'ಗಂಜಿ', ಗುಡಿಸಲಿನಲ್ಲಿ ಕೂತು ಇಸ್ಪೀಟು ಆಡಿ. ಮನೆಯಲ್ಲಿ ನಾನು ಫೋನಿನಲ್ಲಿ ಬನ್ಸಿ, ಚಿರೋಟಿ ಎಂದು ಕೂಗುತ್ತಿದ್ದರೆ ಮಗಳು, "ಮಮ್, ಆರ್ ಯೂ ಕುಕಿಂಗ್ ಆರ್ ಕ್ಲೈಂಬಿಂಗ್?" ಎಂದು ರೇಗಿಸುತ್ತಿದ್ದಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಎಂಬತ್ತರ ದಶಕದ ಮೊದಲಲ್ಲಿ ಪರ್ತು ಒಮ್ಮೆ ಬಂದಳು. ಬೆಳಿಗ್ಗೆ ಬಾಗಿಲು ತೆಗೆದರೆ ಮೋಡ ಕವಿದಿತ್ತು. ರಾತ್ರಿಯಿಡೀ ಹೆಪ್ಪುಗಟ್ಟದ ಹಿಮ ಬೆಳಿಗ್ಗೆಯೇ ಗಂಜಿ. ಚೀಲ ಕಟ್ಟಿ ಹಿಂತಿರುಗಿದೆವು. ಅಷ್ಟು ದೂರದಿಂದ ವಿಮಾನದಲ್ಲಿ ಬಂದವಳು ಕಾರಿನ ಹಿಂದಿನ ಸೀಟಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದರೂ ಆ ದಿನ ಹಿಂತಿರುಗಿದ್ದಕ್ಕೆ ನನಗೆ ಇಂದಿಗೂ ಹೆಮ್ಮೆ. ತಲೆಯಾಡಿಸುವ ಹೆಂಗಸರು ಅಷ್ಟು ಹೊತ್ತಿಗೆ ಬೇಡ ಎನ್ನುವುದನ್ನೂ ಕಲಿತಿದ್ದರು.

ಮುಂದಿನ ಸೆಪ್ಟೆಂಬರಿನಲ್ಲಿ ಬೆಳಿಗ್ಗೆ ಬಾಗಿಲು ತೆರೆದಾಗ ಒಂದೇ ಒಂದು ಮೋಡವಿರಲಿಲ್ಲ. ಬಕೆಟ್ಟಿನ ನೀರು ತಳದವರೆಗೂ ಗಟ್ಟಿಯಾಗಿತ್ತು. ನಾವು ಇಳಿಜಾರಿನ ಅಂಚಿನ ಬಂಡೆಗೆ ಬಂದಾಗ ಬಿಸಿಲು ಅದರ ಮೇಲೆ ಆಗಷ್ಟೇ ಬಿದ್ದಿತ್ತು. ಶಿಖರಕ್ಕೆ ಪಶ್ಚಿಮದ ಕಡೆಯಿಂದ, ಮರಗಳ ದಿಣ್ಣೆಯ ಮೇಲೆ, ಅಪಾಯವಿಲ್ಲದ ಸುತ್ತುದಾರಿಯೊಂದಿದೆ. ಅದರಲ್ಲೇ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಳಿಯುವಾಗ ಅದರಲ್ಲೇ ಇಳಿಯುವವರಿದ್ದೆವು. ಆದರೆ ಅವಳಿಗೆ ಬೇಕಾಗಿದ್ದದ್ದು ಶಿಖರವಲ್ಲ, ಈ ಇಳಿಜಾರು.

ಬ್ರಿಸ್ಬೇನು ಬೂಟಿನಿಂದ ಒದ್ದು ನೋಡಿದಳು. "ಬಾಣಲೆ."

ಕಾದೆವು. ತಲೆಯ ಮೇಲಿನ ಹಿಮದ ಸೂರನ್ನೂ ನೋಡುತ್ತಿದ್ದೆವು. ಅದರಿಂದ ಹನಿ ಬೀಳತೊಡಗಿದರೆ ಆ ದಿನದ ಆಸೆ ಬಿಡಬೇಕು. "ಚಿರೋಟಿ" ಎಂದಳು ಸ್ವಲ್ಪ ಹೊತ್ತಿಗೆ. ಮತ್ತೆ ಕಾದೆವು. ಕೊನೆಗೆ ಅವಳು ಒಂದು ಹಿಡಿ ಎತ್ತಿ ನನ್ನ ಅಂಗೈಗೆ ಸುರಿದಳು. ಉದುರುದುರಾಗಿ, ದಪ್ಪಗೆ, ಒಂದಕ್ಕೊಂದು ಅಂಟದೆ ಜಾರಿತು. ಸೂರಿನ ಅಂಚು ಇನ್ನೂ ಒಣಗಿಯೇ ಇತ್ತು.

"ಬನ್ಸಿ" ಎಂದೆವು ಇಬ್ಬರೂ ಒಟ್ಟಿಗೆ.

ಒಬ್ಬರು ದಾಟುವಾಗ ಉಳಿದವರು ನೋಡುತ್ತಿರಬೇಕು, ಅದು ನಿಯಮ. ಬ್ರಿಸ್ಬೇನು ಮೊದಲು ದಾಟಿ, ಹೆಜ್ಜೆಯ ಗುರುತು ಮಾಡಿ, ಆಚೆಯ ಭುಜದ ಮೇಲೆ ನಿಂತು ಕೈಬೀಸಿದಳು. ಈಗ ಪರ್ತು. ಅವಳು ಇಳಿಜಾರಿನ ಅಂಚಿಗೆ ಬಂದು ನಿಂತಳು. ನಿಂತೇ ಇದ್ದಳು. ಅವಳ ಬೆನ್ನಷ್ಟೇ ನನಗೆ ಕಾಣುತ್ತಿತ್ತು. ಹಿಮ ನಮಗಾಗಿ ಕಾಯುವುದಿಲ್ಲ. ಬನ್ಸಿ ಉಪ್ಪಿಟ್ಟಾಗಲು ಎಷ್ಟು ಹೊತ್ತು?

"ಹೋಗ್ತೀಯೋ, ವಾಪಸ್ ಹೋಗೋಣ್ವೋ?" ಎಂದು ಗದರಿದೆ. ನನಗೆ ಅವಳಿಗಿಂತ ಹೆಚ್ಚು ಭಯವಾಗಿತ್ತು.

"ಸುಮ್ನಿರೇ. ಎಣಿಸ್ತಾ ಇದ್ದೀನಿ."

ಮಲಗಿಸುವ ರೋಗಿಗಳಿಗೆ ಹತ್ತರಿಂದ ಹಿಂದಕ್ಕೆ ಎಣಿಸಲು ಹೇಳುತ್ತಾರಲ್ಲ, ಹಾಗೆ ತನಗೆ ತಾನೇ ಎಣಿಸಿಕೊಳ್ಳಲು ಹೊರಟಿದ್ದಳು. ಗಟ್ಟಿಯಾಗಿ ಉಸಿರೆಳೆದು ಶುರುಮಾಡಿದಳು: "ಹತ್ತು..."

"ಹತ್ತು ಅಂತ ನೀನೇ ಹೇಳ್ತಾ ಇದ್ದೀಯಲ್ಲೇ, ಹತ್ತೇ ಮತ್ತೆ!" ಎಂದು ಕಿರುಚಿದೆ. ಯೋಚಿಸಿ ಹೇಳಿದ್ದಲ್ಲ, ಸಿಟ್ಟಿನಲ್ಲಿ ಬಾಯಿಗೆ ಬಂದದ್ದು.

ಅವಳ ಭುಜಗಳು ಅಲುಗಿದವು. ಅಳುತ್ತಿದ್ದಾಳೆ ಎಂದುಕೊಂಡೆ. ಅಲ್ಲ, ನಗುತ್ತಿದ್ದಳು. ನಗುತ್ತಲೇ ಬಲಗಾಲು ಇಟ್ಟಳು, ಮುರಿದಿದ್ದ ಕಾಲು. ಹಿಮ ಕರಕರ ಎಂದು ಬೂಟಿನ ಅಂಚನ್ನು ಹಿಡಿದುಕೊಂಡಿತು. ಇನ್ನೊಂದು ಹೆಜ್ಜೆ. ನಡುವೆ ಒಮ್ಮೆ, ಅಂದು ಗೆರೆ ಬಿರುಕುಬಿಟ್ಟಿದ್ದ ಜಾಗದ ಕೆಳಗೆ ಸರಿಯಾಗಿ, ನಿಂತಳು. ಅವಳು ತಲೆಯೆತ್ತಿ ಸೂರನ್ನು ನೋಡಿ, ಕೆಳಗೆ ತಾನು ಹೂತುಹೋಗಿದ್ದ ಮರಗಳ ಸಾಲನ್ನು ನೋಡಿ, ಮುಂದೆ ನಡೆದಳು. ಅವಸರವಿಲ್ಲದೆ, ಒಂದೊಂದೇ ಹೆಜ್ಜೆ ಗಟ್ಟಿ ಮಾಡಿಕೊಂಡು. ಆಚೆ ಬ್ರಿಸ್ಬೇನು ಅವಳನ್ನು ತಬ್ಬಿಕೊಂಡದ್ದು ಕಂಡಿತು. ಆಮೇಲೆ ನಾನು ದಾಟಿದ್ದು ನನಗೆ ನೆನಪೇ ಇಲ್ಲ. ಕಣ್ಣು ಒರೆಸಿಕೊಳ್ಳುತ್ತಾ ದಾಟಿರಬೇಕು, ಕನ್ನಡಕವೆಲ್ಲ ಮಬ್ಬಾಗಿತ್ತು.

ಶಿಖರದ ಮೇಲೆ ನಿಂತಾಗ ಕಂಡದ್ದನ್ನು ವರ್ಣಿಸುವ ಶಕ್ತಿ ನನಗಿಲ್ಲ. ನೀಲಿಯ ಮೇಲೆ ನೀಲಿ ಬೆಟ್ಟಗಳು, ಅಷ್ಟೆ. ಮೂವರೂ ಕೂಗಿದೆವು, ಹಾಡಿದೆವು, ಹಾಸ್ಟೆಲಿನ ಹೊಲಸು ಹಾಡನ್ನೂ ಬಿಡಲಿಲ್ಲ. ಯಾರು ಕೇಳಬೇಕು? ಮಕ್ಕಳಿರುವ ಹೆಂಗಸರಿಗೆ ಇದು ಬೇಕಿತ್ತಾ ಎಂದರೆ, ಬೇಕಿತ್ತು. ತುಂಬಾ ಬೇಕಿತ್ತು.

ಚಹಾ ಕುಡಿದು, ಪಶ್ಚಿಮದ ದಿಣ್ಣೆಯತ್ತ ಹೊರಡಲು ಚೀಲ ಕಟ್ಟುತ್ತಿದ್ದಾಗ ಆ ಸದ್ದು ಬಂತು. ಬಿಸಿಲು ಆಗ ನೆತ್ತಿಗೆ ಬಂದಿತ್ತು. ಶಿಖರದ ಬಂಡೆಯಿಂದ ಬಗ್ಗಿ ನೋಡಿದರೆ ನಾವು ದಾಟಿ ಬಂದ ಇಳಿಜಾರಿನ ಅರ್ಧ ಭಾಗ ಕಳಚಿಕೊಂಡು, ನಮ್ಮ ಹೆಜ್ಜೆಗಳನ್ನೂ ಹೊತ್ತುಕೊಂಡು, ಮರಗಳತ್ತ ಇಳಿಯುತ್ತಿತ್ತು. ನಾನು ಪರ್ತುವಿನ ಮುಖ ನೋಡಿದೆ. ಅವಳು ಚಹಾದ ಲೋಟ ಹಿಡಿದುಕೊಂಡು ಅದು ಕೆಳಗೆ ಮುಟ್ಟಿ ನಿಲ್ಲುವವರೆಗೂ ನೋಡಿದಳು.

"ಹೋಗ್ಲಿ ಬಿಡ್ರೇ" ಎಂದಳು. "ಈ ಸಲ ಅದೊಂದೇ ಹೋಯ್ತು."

ಆಮೇಲೆ ಅವಳು ಪರ್ತ್‌ಗೆ ಮರಳಿದಳು, ನಾನು ಸ್ಯಾಲಿಸ್‌ಬರಿಗೆ. ವಾರಗಳು ಕಳೆದವು. ಅವಳಿಂದ ಸುದ್ದಿ ಇರಲಿಲ್ಲ, ಆಗದಿದ್ದರೆ ಆ ಮಾತು ಎತ್ತಬಾರದೆಂದು ಒಪ್ಪಿದ್ದರಿಂದ ನಾನೂ ಕೇಳಲಿಲ್ಲ. ಗಂಟಲು ಕಟ್ಟಿದವರ ಗಂಟಲಿಗೆ ಬ್ಯಾಟರಿ ಬಿಡುತ್ತಾ, ಮಕ್ಕಳಿಗೆ ಸೂಜಿ ಚುಚ್ಚುತ್ತಾ ದಿನ ನೂಕಿದೆ. ಒಂದು ಮಧ್ಯಾಹ್ನ, ಎದುರಿಗೆ ವಿಪರೀತ ಕೆಮ್ಮುತ್ತಿದ್ದ ಕಾರ್ಖಾನೆಯ ಫೋರ್‌ಮನ್ ಒಬ್ಬನನ್ನು ಕೂರಿಸಿಕೊಂಡಿದ್ದಾಗ ಫೋನ್ ಬಂತು.

"ಇವತ್ತು ಬೆಳಿಗ್ಗೆ ಥಿಯೇಟರ್‌ಗೆ ಹೋಗ್ಬಂದೆ ಕಣೇ" ಎಂದಳು ಪರ್ತು. ದನಿ ಏನೂ ಆಗಿಲ್ಲವೆಂಬಷ್ಟು ತಣ್ಣಗಿತ್ತು. "ಒಂದು ಅಪೆಂಡಿಕ್ಸು. ಹತ್ತೊಂಬತ್ತು ವರ್ಷದ ಹುಡುಗಿ. ತುಂಬಾ ಹೆದರಿದ್ಲು, ನನ್ನ ಕೈ ಹಿಡ್ಕೊಂಡಿದ್ಲು."

"ಆಮೇಲೆ?"

"ಆಮೇಲೇನು. ಮಲಗಿಸ್ದೆ." ಆ ತಣ್ಣಗಿನ ದನಿ ಅಲ್ಲಿಗೆ ಒಡೆಯಿತು. "ಎಬ್ಬಿಸ್ದೆ."